ಆಸ್ತಿ, ವೀಲುನಾಮೆ, ತೆರಿಗೆ: ಕ್ರೈಸ್ತ ಕುಟುಂಬಗಳು ತಿಳಿದಿರಬೇಕಾದ ಕಾನೂನು

ಒಂದೇ ಮನೆಯ ಅಣ್ಣ ತಮ್ಮಂದಿರು ಚರ್ಚಿನಲ್ಲಿ ದೂರ ದೂರದ ಬೆಂಚುಗಳಲ್ಲಿ ಕುಳಿತುಕೊಳ್ಳಲು ಆರಂಭಿಸಿದರೆ ಅದರ ಹಿಂದೆ ಹೆಚ್ಚಾಗಿ ಜಾಗದ ತಕರಾರು ಇರುತ್ತದೆ. ವಾಳೆಯ ಗುರಿಕಾರರಿಗೂ ಧರ್ಮಗುರುಗಳಿಗೂ ಇದು ಹೊಸ ಸಂಗತಿಯಲ್ಲ. ಇಂತಹ ತಕರಾರುಗಳಲ್ಲಿ ದುರಾಸೆಗಿಂತ ತಪ್ಪು ತಿಳುವಳಿಕೆಯ ಪಾಲೇ ಹೆಚ್ಚು. ನೆರೆಹೊರೆಯ ಹಿಂದೂ ಕುಟುಂಬಗಳಿಗೆ ಅನ್ವಯಿಸುವ ಕಾನೂನು ಅಥವಾ ಹಿಂದಿನ ಅಳಿಯಕಟ್ಟಿನ ಪದ್ಧತಿಯ ಮಾತುಗಳನ್ನು ಕೇಳಿ, ಅದೇ ನಮಗೂ ಅನ್ವಯಿಸುತ್ತದೆ ಎಂದು ನಮ್ಮವರು ನಂಬಿರುತ್ತಾರೆ. ಕರಾವಳಿಯ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಲೆಕ್ಕಾಚಾರವೇ ಬೇರೆ.

ಮೊದಲನೆಯದಾಗಿ 'ಪಿತ್ರಾರ್ಜಿತ ಆಸ್ತಿ' ಎಂಬ ಮಾತು. "ಇದು ಅಜ್ಜನ ಕಾಲದ ಜಾಗ, ಅಪ್ಪ ಒಬ್ಬರೇ ಹೇಗೆ ಮಾರುತ್ತಾರೆ?" ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಕ್ರೈಸ್ತರಲ್ಲಿ ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕು ಎಂಬುದಿಲ್ಲ. ಅಜ್ಜನಿಂದ ತಂದೆಗೆ ಬಂದ ಪಾಲು ತಂದೆಯ ಸ್ವಂತ ಆಸ್ತಿಯೇ ಆಗುತ್ತದೆ. ಅವರು ಬದುಕಿರುವವರೆಗೆ ಅದನ್ನು ಮಾರಬಹುದು, ದಾನ ಕೊಡಬಹುದು, ಒಬ್ಬ ಮಗಳ ಹೆಸರಿಗೆ ಮಾತ್ರ ವೀಲುನಾಮೆ ಬರೆಯಲೂಬಹುದು. ಮಕ್ಕಳಿಗೆ ಬೇಸರವಾಗಬಹುದು, ಆದರೆ ತಂದೆ ಜೀವಂತ ಇರುವಾಗ ಪಾಲು ಕೇಳಿ ದಾವೆ ಹೂಡಲು ಆಧಾರವಿರುವುದಿಲ್ಲ. (ಗೋವಾದ ಕುಟುಂಬಗಳೊಡನೆ ಸಂಬಂಧ ಬೆಳೆಸಿದವರು ಗಮನಿಸಬೇಕು: ಅಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಬೇರೆ ಕಾನೂನಿದೆ. ಮಕ್ಕಳಿರುವವರು ಅಲ್ಲಿ ಅರ್ಧ ಆಸ್ತಿಯನ್ನು ಮಾತ್ರ ತಮ್ಮ ಇಚ್ಛೆಯಂತೆ ಬರೆದು ಕೊಡಬಹುದು.)

ವೀಲುನಾಮೆ ಬರೆಯದೆ ತೀರಿಕೊಂಡರೆ ಏನಾಗುತ್ತದೆ? ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಪತ್ನಿಗೆ ಮೂರನೇ ಒಂದು ಪಾಲು, ಉಳಿದ ಮೂರನೇ ಎರಡು ಪಾಲು ಮಕ್ಕಳಿಗೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಉದಾಹರಣೆಗೆ 90 ಸೆಂಟ್ಸ್ ಜಾಗ ಬಿಟ್ಟು ತಂದೆ ತೀರಿಕೊಂಡರು, ಪತ್ನಿ ಮತ್ತು ಮೂವರು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಪತ್ನಿಗೆ 30 ಸೆಂಟ್ಸ್, ಮಕ್ಕಳಿಗೆ ತಲಾ 20. ಪತ್ನಿ ಮೊದಲು ತೀರಿಕೊಂಡು ಅವರ ಹೆಸರಿನಲ್ಲಿ ಆಸ್ತಿಯಿದ್ದರೆ ಗಂಡನಿಗೂ ಇದೇ ಲೆಕ್ಕ. "ನಾನು ಸತ್ತ ಮೇಲೆ ಮನೆ ಹೆಂಡತಿಗೇ ತಾನೆ" ಎಂದು ವೀಲುನಾಮೆಯ ಗೊಡವೆಗೆ ಹೋಗದವರು ಈ ಮೂರನೇ ಒಂದು ಪಾಲಿನ ಲೆಕ್ಕವನ್ನು ನೆನಪಿಡಬೇಕು. ತಾಯಿ ವಾಸವಿರುವ ಮನೆಯನ್ನೇ ಪಾಲು ಮಾಡಿಕೊಡಿ ಎಂದು ಮಗನೋ ಅಳಿಯನೋ ಪಟ್ಟು ಹಿಡಿದರೆ ಕಾನೂನು ತಡೆಯುವುದಿಲ್ಲ.

ಇಲ್ಲಿಯೇ ಇನ್ನೂ ಕಠಿಣವಾದ ಒಂದೆರಡು ವಿಷಯಗಳಿವೆ. ಮೇಲಿನ ಉದಾಹರಣೆಯಲ್ಲಿ ಒಬ್ಬ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಅವನ 20 ಸೆಂಟ್ಸ್ ಅವನ ಮಕ್ಕಳಿಗೆ ಹೋಗುತ್ತದೆ. ಅವನ ಹೆಂಡತಿಗೆ, ಅಂದರೆ ಮನೆಯ ಸೊಸೆಗೆ, ಏನೂ ಬರುವುದಿಲ್ಲ. ಮಕ್ಕಳಿಲ್ಲದ ವಿಧವೆ ಸೊಸೆ ಇಪ್ಪತ್ತು ವರ್ಷ ಅತ್ತೆ ಮಾವಂದಿರ ಸೇವೆ ಮಾಡಿದ್ದರೂ ಮಾವನ ಆಸ್ತಿಯಲ್ಲಿ ಅವಳಿಗೆ ಪಾಲಿಲ್ಲ. ಹಾಗೆಯೇ ಪತ್ನಿ ಮಕ್ಕಳಿರುವ ಮಗ ಗಲ್ಫಿನಲ್ಲಿ ತೀರಿಕೊಂಡರೆ ಅವನನ್ನು ಸಾಕಿದ ತಾಯಿಗೆ ಅವನ ಆಸ್ತಿಯಲ್ಲಿ ಪಾಲಿಲ್ಲ. ಮಕ್ಕಳಿಲ್ಲದೆ ತೀರಿಕೊಂಡರೆ ಮಾತ್ರ ಪತ್ನಿಗೆ ಅರ್ಧ, ಉಳಿದರ್ಧ ತಂದೆಗೆ. ತಂದೆ ಇಲ್ಲದಿದ್ದರೆ ಆ ಅರ್ಧವನ್ನು ತಾಯಿ ಮತ್ತು ಸಹೋದರ ಸಹೋದರಿಯರು ಸಮವಾಗಿ ಹಂಚಿಕೊಳ್ಳಬೇಕು. ಮದುವೆಯಾಗಿ ಎರಡೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡವಳು, ತಾವಿಬ್ಬರೂ ಸೇರಿ ಕಟ್ಟಿದ ಮನೆಯಲ್ಲಿ ಮೈದುನ ನಾದಿನಿಯರಿಗೂ ಪಾಲಿದೆ ಎಂದು ಕೇಳಿದಾಗ ಹೇಗಾಗಬೇಡ! ಮನೆ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಕಾನೂನು ನೋಡುವುದು ಅಷ್ಟನ್ನೇ. ಒಂದು ಹಾಳೆಯ ವೀಲುನಾಮೆ ಇದ್ದರೆ ಇವೆಲ್ಲ ತಪ್ಪುತ್ತದೆ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಹೆಚ್ಚಾಗಿ ಕೇಳಿಬರುವ ವಾದ ಹೀಗಿರುತ್ತದೆ: "ಅವಳಿಗೆ ಚಿನ್ನ ಹಾಕಿ ಮದುವೆ ಮಾಡಿಕೊಟ್ಟಿದ್ದೇವೆ, ಇನ್ನು ಪಾಲು ಯಾಕೆ?" ಇದಕ್ಕೆ ಕಾಯ್ದೆಯ 49ನೇ ಸೆಕ್ಷನ್‌ನಲ್ಲಿ ನೇರ ಉತ್ತರವಿದೆ. ವೀಲುನಾಮೆ ಇಲ್ಲದೆ ತೀರಿಕೊಂಡವರು ತಮ್ಮ ಜೀವಿತಕಾಲದಲ್ಲಿ ಮಕ್ಕಳಿಗೆ ಕೊಟ್ಟ ಹಣ ಅಥವಾ ಆಸ್ತಿಯನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಗಳ ಮದುವೆಯ ಖರ್ಚನ್ನು ಅವಳ ಪಾಲಿನಿಂದ ಕಳೆಯುವಂತಿಲ್ಲ, ಮಗನ ವೀಸಾಕ್ಕೆ ಕೊಟ್ಟ ಹಣವನ್ನೂ ಕಳೆಯುವಂತಿಲ್ಲ. ಖರ್ಚು ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಇಚ್ಛೆಯಿದ್ದ ತಂದೆತಾಯಿ ಅದನ್ನು ವೀಲುನಾಮೆಯಲ್ಲಿ ಬರೆಯಬೇಕು. ಕೇರಳದ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಹಲವರು ಉಲ್ಲೇಖಿಸುತ್ತಾರೆ. ಆ ತೀರ್ಪು ತಿರುವಾಂಕೂರಿನ ಹಳೆಯ ಕ್ರೈಸ್ತ ಉತ್ತರಾಧಿಕಾರ ಕಾನೂನಿಗೆ ಸಂಬಂಧಿಸಿದ್ದು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ತಿರುವಾಂಕೂರಿನ ಆ ಕಾನೂನು ಎಂದೂ ಅನ್ವಯಿಸಿರಲಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಕಾನೂನಿನಲ್ಲಿ ಹಿಂದಿನಿಂದಲೂ ಇತ್ತು, ಕೊಡುವ ಅಭ್ಯಾಸ ಮಾತ್ರ ಇರಲಿಲ್ಲ.

ಧರ್ಮಭಗಿನಿಯರ ಪಾಲಿನ ಬಗ್ಗೆಯೂ ಗೊಂದಲವಿದೆ. "ಅವಳು ಕಾನ್ವೆಂಟಿಗೆ ಹೋಗಿದ್ದಾಳೆ, ಬಡತನದ ವ್ರತ ಸ್ವೀಕರಿಸಿದ್ದಾಳೆ" ಎಂದು ಅವರ ಹೆಸರನ್ನೇ ಬಿಟ್ಟು ಪಾಲುಪಟ್ಟಿ ಮಾಡುವವರಿದ್ದಾರೆ. ಉತ್ತರಾಧಿಕಾರ ಕಾಯ್ದೆಯಲ್ಲಿ ವ್ರತದ ಕಾರಣದಿಂದ ಪಾಲು ತಪ್ಪುತ್ತದೆ ಎಂಬ ಮಾತಿಲ್ಲ. ಅವರ ಸಹಿ ಇಲ್ಲದ ಪಾಲುಪಟ್ಟಿಯನ್ನು ಮುಂದೆ ಜಾಗ ಖರೀದಿಸುವವರ ವಕೀಲರು ಒಪ್ಪುವುದಿಲ್ಲ, ಆಗ ಸಿಸ್ಟರ್ ಯಾವ ರಾಜ್ಯದ ಯಾವ ಮಿಷನ್‌ನಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅವರಿಗೆ ಪಾಲು ಬೇಡವೆಂದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು. ಧರ್ಮಸಭೆಯ ಕಾನೂನು ಸಂಹಿತೆಯ 668ನೇ ವಿಧಿಯೂ ಆಜೀವ ವ್ರತಕ್ಕೆ ಮೊದಲು ದೇಶದ ಕಾನೂನಿಗೆ ಸರಿಯಾದ ವೀಲುನಾಮೆ ಬರೆದಿಡಬೇಕೆಂದು ಹೇಳುತ್ತದೆ. ಧರ್ಮಪ್ರಾಂತ್ಯದ ಗುರುಗಳು ಬಡತನದ ವ್ರತ ಕೈಗೊಳ್ಳುವುದಿಲ್ಲ. ಆದುದರಿಂದ ಸ್ವಂತ ಹೆಸರಿನಲ್ಲಿ ಆಸ್ತಿ ಇರುವ ಗುರುಗಳೂ ವೀಲುನಾಮೆ ಬರೆದಿಡುವುದು ಒಳ್ಳೆಯದು.

ಇನ್ನು ವೀಲುನಾಮೆ ಬರೆಯುವ ಕ್ರಮ. ಇದಕ್ಕೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಸುಳ್ಳು ಎನ್ನುವುದು ಕಷ್ಟ. ಬರೆದವರು ಸಹಿ ಮಾಡಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿ ಅವರ ಎದುರಿನಲ್ಲಿ ಸಹಿ ಹಾಕಬೇಕು. ಇಲ್ಲಿ ಹಲವರು ಎಡವುತ್ತಾರೆ. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ಅದೇ ವೀಲುನಾಮೆಯಲ್ಲಿ ಏನಾದರೂ ಬರೆದಿದ್ದರೆ ಆ ಭಾಗ ಅಸಿಂಧು. ಮಗನಿಗೆ ಮನೆ ಬರೆದು ಸೊಸೆಯಿಂದ ಸಾಕ್ಷಿ ಹಾಕಿಸಿದರೆ ಮಗನಿಗೆ ವೀಲುನಾಮೆಯಿಂದ ಮನೆ ಬರುವುದಿಲ್ಲ. ರೋಗಿಯ ಅಭ್ಯಂಗಕ್ಕೆಂದು ಬಂದ ಧರ್ಮಗುರುಗಳ ಕೈಗೆ ಪೆನ್ನು ಕೊಟ್ಟು ಸಾಕ್ಷಿ ಹಾಕಿಸುವ ಅಭ್ಯಾಸವನ್ನೂ ಬಿಡಬೇಕು. ವ್ಯಾಜ್ಯವಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಅಷ್ಟರಲ್ಲಿ ಗುರುಗಳಿಗೆ ನಾಲ್ಕು ಕಡೆ ವರ್ಗವಾಗಿರುತ್ತದೆ. ಬರೆದವರಿಗಿಂತ ಕಿರಿಯರಾದ, ಊರಿನಲ್ಲಿಯೇ ಇರುವ, ಆಸ್ತಿಯಲ್ಲಿ ಆಸೆ ಇಲ್ಲದ ಇಬ್ಬರನ್ನು ಆರಿಸಿಕೊಳ್ಳಿರಿ.

ಮದುವೆಗೆ ಮೊದಲು ಬರೆದ ವೀಲುನಾಮೆ ಮದುವೆಯಾದ ಕೂಡಲೇ ರದ್ದಾಗುತ್ತದೆ. ಹಿಂದೂಗಳಿಗೆ ಈ ನಿಯಮವಿಲ್ಲ, ನಮಗಿದೆ. ಪತ್ನಿ ತೀರಿಕೊಂಡ ನಂತರ ಮಕ್ಕಳ ಹೆಸರಿಗೆ ವೀಲುನಾಮೆ ಬರೆದು, ಬಳಿಕ ಮರುಮದುವೆಯಾದವರು ಹೊಸದಾಗಿ ಬರೆಯಬೇಕು. ಪ್ರೊಬೇಟ್ ಬಗ್ಗೆ ಭಯ ಬೇಡ. 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರ ವೀಲುನಾಮೆಗೆ ಪ್ರೊಬೇಟ್ ಕಡ್ಡಾಯವಲ್ಲ. ಚರ್ಚಿಗೆ ಅಥವಾ ಅನಾಥಾಶ್ರಮಕ್ಕೆ ಆಸ್ತಿ ಬರೆಯಲು ಕ್ರೈಸ್ತರಿಗೆ ಮಾತ್ರ ಇದ್ದ ಹಳೆಯ ನಿರ್ಬಂಧವೂ ಈಗ ಇಲ್ಲ. ಹತ್ತಿರದ ಸಂಬಂಧಿಕರಿರುವವರು ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮೊದಲೇ ಇಂತಹ ವೀಲುನಾಮೆ ಬರೆದಿರಬೇಕೆಂಬ 118ನೇ ಸೆಕ್ಷನ್ ಅನ್ನು ಕೇರಳದ ಗುರು ಜಾನ್ ವಲ್ಲಮಟ್ಟಮ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2003ರಲ್ಲಿ ರದ್ದುಪಡಿಸಿತು.

ವೀಲುನಾಮೆ ಬೇಡ, ಈಗಲೇ ದಾನಪತ್ರ ಮಾಡಿ ಕೊಟ್ಟುಬಿಡೋಣ ಎನ್ನುವ ಹಿರಿಯರಿಗೆ ಒಂದು ಮಾತು. ವೀಲುನಾಮೆಯನ್ನು ಎಷ್ಟು ಸಲವಾದರೂ ಬದಲಾಯಿಸಬಹುದು, ದಾನಪತ್ರವನ್ನು ಸುಲಭದಲ್ಲಿ ಹಿಂದಕ್ಕೆ ಪಡೆಯಲಾಗದು. ಕೊಡಲೇಬೇಕೆಂದಿದ್ದರೆ 'ನಮ್ಮನ್ನು ಜೀವನಪರ್ಯಂತ ನೋಡಿಕೊಳ್ಳಬೇಕು, ಈ ಮನೆಯಲ್ಲಿ ವಾಸಿಸುವ ಹಕ್ಕು ನಮಗಿದೆ' ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಹೀಗೆ ಬರೆಸಿದ್ದಲ್ಲಿ, ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಿ ಪತ್ರವನ್ನು ರದ್ದುಪಡಿಸಬಹುದು. ಬಾಯಿಮಾತಿನ ಭರವಸೆಯನ್ನು ಅಲ್ಲಿ ರುಜುವಾತುಪಡಿಸುವುದು ಕಷ್ಟ.

ಆರ್‌ಟಿಸಿಯಲ್ಲಿ ಅಣ್ಣನ ಹೆಸರು ಮಾತ್ರ ಇದೆ, ಹಾಗಾದರೆ ಜಾಗ ಅವನದೇ? ಅಲ್ಲ. ಪಹಣಿ, ಖಾತೆ ಇವು ಕಂದಾಯದ ದಾಖಲೆಗಳು, ಒಡೆತನ ಕೊಡುವ ಪತ್ರಗಳಲ್ಲ. ತಂದೆಯ ಮರಣದ ನಂತರ ವಂಶವೃಕ್ಷ ಮಾಡಿಸಿ ಎಲ್ಲ ವಾರಸುದಾರರ ಹೆಸರಿನಲ್ಲಿ ಪೌತಿ ಖಾತೆ ಮಾಡಿಸಿಕೊಳ್ಳುವುದೇ ಕ್ರಮ. ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟುಬಿಡುವುದು ಸುಳ್ಳು ದಾಖಲೆ ಕೊಟ್ಟಂತೆ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಸಿಕ್ಕಿದ ಜಾಗಗಳ ಸಂಗತಿ ಸ್ವಲ್ಪ ಬೇರೆ. ಗೇಣಿ ಚೀಟಿ ಯಾರ ಹೆಸರಿನಲ್ಲಿತ್ತು, ಅರ್ಜಿ ಹಾಕಿದವರು ಯಾರು, ಸಾಗುವಳಿ ಮಾಡಿದವರು ಯಾರು ಎಂಬುದರ ಮೇಲೆ ಅದು ನಿಂತಿರುತ್ತದೆ. ಕಡತ ನೋಡದೆ ಯಾರೂ ಖಚಿತವಾಗಿ ಹೇಳಬಾರದು, ನಂಬಲೂಬಾರದು.

ಬ್ಯಾಂಕಿನ ನಾಮಿನಿಯೂ ಹಾಗೆಯೇ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವ ಅಧಿಕಾರವಿರುವವರು, ಹಣದ ಒಡೆಯರಲ್ಲ. ಠೇವಣಿಗೆ ಕಿರಿಯ ಮಗ ನಾಮಿನಿಯಾಗಿದ್ದರೆ ಬ್ಯಾಂಕ್ ಅವನಿಗೆ ಹಣ ಕೊಡುತ್ತದೆ, ಅವನು ಅದನ್ನು ವಾರಸುದಾರರಿಗೆ ಹಂಚಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಆಗುತ್ತದೆ.

ಅಧಿಕಾರ ಪತ್ರದ ವಿಷಯವನ್ನು ಗಲ್ಫಿನಲ್ಲಿರುವ ಮಕ್ಕಳು ತಿಳಿದಿರಬೇಕು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಿದ ಪತ್ರಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊಟ್ಟವರು ತೀರಿಕೊಂಡ ದಿನವೇ ಸಾಮಾನ್ಯ ಅಧಿಕಾರ ಪತ್ರ ಮುಗಿಯಿತು. ತಂದೆ ಬದುಕಿದ್ದಾಗ ಕೊಟ್ಟ ಪತ್ರ ಹಿಡಿದು ಅವರ ಮರಣದ ನಂತರ ಜಾಗ ಮಾರಿದರೆ ಆ ಕ್ರಯಕ್ಕೆ ಬೆಲೆಯಿಲ್ಲ.

ತೆರಿಗೆಯ ಬಗ್ಗೆ ಜನರಿಗೆ ಇರುವಷ್ಟು ಭಯಕ್ಕೆ ಕಾರಣವಿಲ್ಲ. ಮರಣಾನಂತರದ ಆಸ್ತಿ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಗಿದೆ. ವಾರಸಿನಿಂದ ಅಥವಾ ವೀಲುನಾಮೆಯಿಂದ ಬಂದದ್ದಕ್ಕೆ ಆದಾಯ ತೆರಿಗೆ ಇಲ್ಲ. ಹತ್ತಿರದ ಸಂಬಂಧಿಕರು ಕೊಟ್ಟ ಉಡುಗೊರೆಗೂ ಇಲ್ಲ, ಆದರೆ 'ಸಂಬಂಧಿಕರು' ಯಾರು ಎಂಬುದರಲ್ಲಿ ಒಂದು ವಿಚಿತ್ರವಿದೆ. ಚಿಕ್ಕಪ್ಪ ಅಣ್ಣನ ಮಗನಿಗೆ ಹಣ ಕೊಟ್ಟರೆ ತೆರಿಗೆಯಿಲ್ಲ. ಅದೇ ಹುಡುಗ ದುಬೈಯಿಂದ ಚಿಕ್ಕಪ್ಪನಿಗೆ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ಕಳುಹಿಸಿದರೆ ಅದು ಚಿಕ್ಕಪ್ಪನ ಆದಾಯಕ್ಕೆ ಸೇರುತ್ತದೆ.

ತೆರಿಗೆ ಬರುವುದು ಮಾರಿದಾಗ. ತಂದೆ 1980ರಲ್ಲಿ ಕೊಂಡ ಮನೆ ನಿವೇಶನವನ್ನು ಮಕ್ಕಳು ಈಗ ಮಾರಿದರೆ, ತಂದೆ ಕೊಂಡ ಬೆಲೆಯ ಬದಲು 2001ರ ಏಪ್ರಿಲ್ 1ರಂದು ಇದ್ದ ಮೌಲ್ಯವನ್ನು ಹಿಡಿಯಬಹುದು, ಆದರೆ ಅದು ಅಂದಿನ ಸರಕಾರಿ ಮೌಲ್ಯವನ್ನು ಮೀರುವಂತಿಲ್ಲ. ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 12.5 ತೆರಿಗೆ. ಆ ದಿನಕ್ಕಿಂತ ಮೊದಲಿನ ಜಾಗವಾದರೆ ಭಾರತದಲ್ಲಿ ವಾಸವಿರುವವರು ಹಣದುಬ್ಬರ ಕಳೆದು ಶೇಕಡಾ 20ರ ಹಳೆಯ ಲೆಕ್ಕವನ್ನೂ ನೋಡಿ, ಕಡಿಮೆ ಬಂದದ್ದನ್ನು ಕಟ್ಟಬಹುದು. ವಿದೇಶದಲ್ಲಿರುವವರಿಗೆ ಈ ಅವಕಾಶವಿಲ್ಲ. ಅವರಿಂದ ಕೊಳ್ಳುವವರು ತೆರಿಗೆ ಕಡಿದೇ ಹಣ ಕೊಡಬೇಕಾದುದರಿಂದ ಕಡಿಮೆ ಕಡಿತದ ಪ್ರಮಾಣಪತ್ರವನ್ನು ಕ್ರಯಕ್ಕೆ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಪಡೆದುಕೊಳ್ಳಬೇಕು. ಪೇಟೆಯಿಂದ ದೂರದ ಕೃಷಿ ಭೂಮಿಗೆ ಈ ತೆರಿಗೆಯೇ ಅನ್ವಯಿಸುವುದಿಲ್ಲ.

ವಕೀಲರ ಶುಲ್ಕ ಭರಿಸಲಾಗದವರಿಗೆ ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಮರಣ ಪ್ರಮಾಣಪತ್ರ, ಹೊಸ ಆರ್‌ಟಿಸಿ, ಮೂಲ ಪತ್ರಗಳ ಪ್ರತಿ ಮತ್ತು ಕುಟುಂಬದವರ ಜ್ಞಾನಸ್ನಾನ, ವಿವಾಹದ ದಾಖಲೆಗಳನ್ನು ಜೊತೆಗೆ ಒಯ್ಯಿರಿ. ಹಳೆಯ ತಲೆಮಾರಿನವರ ಜನನ ದಾಖಲೆ ಪಂಚಾಯತಿನಲ್ಲಿ ಸಿಗದಿದ್ದಾಗ ಚರ್ಚಿನ ರಿಜಿಸ್ಟರೇ ಸಂಬಂಧವನ್ನು ತೋರಿಸಲು ನೆರವಾಗುತ್ತದೆ.