ಕಡಲಾಳದಲ್ಲಿ ಜೊತೆಗಾರನ ಹೊಣೆ

ಕೆರೆ, ಬಾವಿ, ಕಲ್ಯಾಣಿಗಳಲ್ಲಿ ಈಜಿ ಬೆಳೆದ ತಲೆಮಾರಿನವರು ನಾವು. ಇಂದಿನ ತರುಣರಾದರೋ ನೀರಿನ ಮೇಲೆ ತೇಲುವುದರಲ್ಲಿಯೇ ತೃಪ್ತಿಪಡುವವರಲ್ಲ. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಬಿಗಿದುಕೊಂಡು ಕಡಲ ಒಡಲನ್ನೇ ಕಂಡುಬರುವ ಉತ್ಸಾಹ ಅವರದು. ಇದಕ್ಕೆ ಸ್ಕೂಬಾ ಡೈವಿಂಗ್ ಎಂದು ಹೆಸರು. 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬವರು ರೂಪಿಸಿದ ಉಸಿರಾಟದ ಸಲಕರಣೆಯಿಂದ ಈ ವಿದ್ಯೆ ಜನಸಾಮಾನ್ಯರ ಕೈಗೆಟುಕಿತು. ನಮ್ಮ ನಾಡಿನಲ್ಲಿಯೇ ಮುರುಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪದ ಬಳಿ, ಮಳೆಗಾಲ ಕಳೆದೊಡನೆ, ಈ ಸಾಹಸಕ್ಕಾಗಿ ಜನ ಸೇರುತ್ತಾರೆ. ಸಾಹಸವನ್ನು ನಾವು ಹಳಿಯುವವರಲ್ಲ. ಆದರೆ ಯಾರ ಜೊತೆಯಲ್ಲಿ ಇಳಿಯಬೇಕೆಂಬ ವಿವೇಕವಿಲ್ಲದ ಸಾಹಸ ಎಷ್ಟು ಅಪಾಯಕರವೆಂಬುದನ್ನು ಮನೆಮಂದಿಗೆಲ್ಲ ತಿಳಿಸುವುದು ಅವಶ್ಯವೆನಿಸಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಪರಿಚಿತ ಮನೆತನದ ನವದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗಿ. ಹಿಂದಿನ ವರ್ಷ ಡೈವಿಂಗ್ ಕಲಿತು ಮೊದಲ ಹಂತದ ಪ್ರಮಾಣಪತ್ರ ಪಡೆದಿದ್ದ. ಹುಡುಗಿಗೆ ಈಜು ಬರುತ್ತದೆ. ಅದಕ್ಕಿಂತ ಹೆಚ್ಚಿನ ತರಬೇತಿಯಿಲ್ಲ. ಗೆಳೆಯನಿಂದ ಎರಡು ಜೊತೆ ಸಲಕರಣೆ ಪಡೆದು, ಪರಿಚಯದ ದೋಣಿಯಲ್ಲಿ ಹೋಗಿ, ತಾವಿಬ್ಬರೇ ಕಡಲಿಗಿಳಿಯುವುದು ಅವರ ಯೋಜನೆ. "ಶಿಕ್ಷಕರಿಗೆ ಕೊಡುವ ಹಣ ಉಳಿಯುತ್ತದೆ ಗುರುಗಳೇ. ಇವಳ ಕೈಯನ್ನು ನಾನು ಬಿಡುವುದೇ ಇಲ್ಲ" ಎಂದ ಆ ಹುಡುಗ.

ನಮಗೆ ಮಠದ ವಿದ್ಯಾರ್ಥಿಜೀವನದ ಕಲ್ಯಾಣಿ ನೆನಪಾಯಿತು. ಹೊಸಬರ ಬೆನ್ನಿಗೆ ಒಣಸೋರೆಯ ಬುರುಡೆ ಕಟ್ಟಿ ಇಳಿಸುತ್ತಿದ್ದರು. ಅರೆಬರೆ ಕಲಿತವನು ಕಲಿಯದವನನ್ನು ಕರೆದುಕೊಂಡು ನೀರಿಗಿಳಿಯಕೂಡದೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಮುಳುಗುವವನು ಕೈಗೆ ಸಿಕ್ಕವನನ್ನು ಬಲವಾಗಿ ತಬ್ಬಿಹಿಡಿಯುತ್ತಾನೆ; ಆಗ ಇಬ್ಬರೂ ಮುಳುಗುತ್ತಾರೆ. ಆದರೆ ಕಡಲಿನ ವಿಷಯ ನಮಗೆ ತಿಳಿಯದ್ದು. ಆದುದರಿಂದ ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದ, ನಮ್ಮೂರಿನಲ್ಲಿಯೇ ನೆಲೆಸಿರುವ ಹಿರಿಯರೊಬ್ಬರನ್ನು ಬರಮಾಡಿಕೊಂಡೆವು. ಅವರು ವಿವರಿಸಿದ್ದನ್ನು ಓದುಗರ ಮುಂದಿಡುತ್ತೇವೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಒತ್ತಡ ಹೆಚ್ಚಿದಂತೆ ಗಾಳಿಯ ಗಾತ್ರ ಕುಗ್ಗುತ್ತದೆ, ತಗ್ಗಿದಂತೆ ಹಿಗ್ಗುತ್ತದೆ ಎಂಬುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. 10 ಮೀಟರ್ ಆಳದಲ್ಲಿ ಪುಪ್ಪುಸದ ತುಂಬ ಗಾಳಿಯೆಳೆದುಕೊಂಡು, ಹೆದರಿ, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದರೆ ಆ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ. ಪುಪ್ಪುಸ ಹರಿದು ಗಾಳಿಯ ಗುಳ್ಳೆಗಳು ರಕ್ತದ ಮೂಲಕ ಮೆದುಳಿಗೇರಬಹುದು. ಈಜುಕೊಳದಷ್ಟೇ ಆಳದಿಂದ ಎದ್ದರೂ ಈ ಅನಾಹುತ ಸಂಭವಿಸಬಲ್ಲುದು. ವಿಪರ್ಯಾಸವೆಂದರೆ, ನೀರಿನಲ್ಲಿ ಹೆದರಿದವರು ಸಹಜವಾಗಿ ಮಾಡುವುದೇ ಇದು: ಉಸಿರು ಹಿಡಿದು ಮೇಲಕ್ಕೆ ಚಿಮ್ಮುವುದು. ಡೈವಿಂಗಿನ ಮೊದಲ ಪಾಠವಾದರೋ ಎಂದಿಗೂ ಉಸಿರು ಕಟ್ಟಬಾರದೆಂಬುದು. ಪಾಠವನ್ನು ಬಾಯಿಯಲ್ಲಿ ಹೇಳಿದರೆ ಸಾಲದು; ಮೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸಬೇಕು.

ಎರಡನೆಯದು ಗಾಳಿಯ ಲೆಕ್ಕ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಸುಮಾರು 2,400 ಲೀಟರ್. ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ ದಡದಲ್ಲಿ ಅದು ಎರಡು ಗಂಟೆಗೆ ಸಾಕು. 20 ಮೀಟರ್ ಆಳದಲ್ಲಿ ಮೂರು ಪಟ್ಟು ವ್ಯಯವಾಗುವುದರಿಂದ 40 ನಿಮಿಷಕ್ಕೇ ತೀರುತ್ತದೆ. ಹೆದರಿ ಏದುಸಿರು ಬಿಡುವವರಿಗೆ 20 ನಿಮಿಷವೂ ಕಷ್ಟ. ಮಾಪಕವನ್ನು ಆಗಾಗ ನೋಡಿ, ಗಾಳಿ ಬಾಕಿಯಿರುವಾಗಲೇ ಮೇಲೇರಬೇಕೆಂಬುದು ಕಲಿತವರಿಗೆ ಗೊತ್ತು. ಕಲಿಯದವರಿಗೆ ಮೀನುಗಳ ಬಣ್ಣದ ಮುಂದೆ ಮಾಪಕ ನೆನಪಾಗುವುದಿಲ್ಲ.

ಮೂರನೆಯದು ಮಾತು. ನೀರೊಳಗೆ ಕೈಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆತ್ತಿದರೆ ದಡದಲ್ಲಿ "ಚೆನ್ನಾಗಿದೆ" ಎಂದರ್ಥ; ಕಡಲಿನಲ್ಲಿ "ಮೇಲಕ್ಕೆ ಹೋಗೋಣ" ಎಂದರ್ಥ. ಹೆಬ್ಬೆರಳು ತೋರುಬೆರಳುಗಳನ್ನು ಬಳೆಯಂತೆ ಕೂಡಿಸಿದರೆ ಮಾತ್ರ "ಕ್ಷೇಮ". ಅಂಗೈಯನ್ನು ಕೊರಳಿಗೆ ಅಡ್ಡಲಾಗಿ ಆಡಿಸಿದರೆ "ಗಾಳಿ ತೀರಿದೆ". ಒಬ್ಬರ ಆರ್ತನಾದ ಇನ್ನೊಬ್ಬರಿಗೆ ನಲಿವಿನ ಸನ್ನೆಯಾಗಿ ಕಂಡರೆ ಗತಿಯೇನು?

ಇಷ್ಟನ್ನು ಆಲಿಸಿದ ಹುಡುಗ, "ಇವೆಲ್ಲ ನನಗೆ ಗೊತ್ತು. ಇವಳನ್ನು ನಾನು ನೋಡಿಕೊಳ್ಳುತ್ತೇನೆ" ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಇವರಿಗೇ ಏನಾದರೂ ಆದರೆ ನಾನೇನು ಮಾಡಬೇಕು?"

ಹುಡುಗನಲ್ಲಿ ಉತ್ತರವಿರಲಿಲ್ಲ. ನಿವೃತ್ತ ಹಿರಿಯರು ನಕ್ಕು ನುಡಿದರು: "ತಾಯಿ, ಡೈವಿಂಗಿನ ಧರ್ಮವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ."

ಕಲಿಯದವರಿಗೆ ಮಾತ್ರ ಅಪಾಯವೆಂದು ನಾವೂ ಭಾವಿಸಿದ್ದೆವು. ವಾಸ್ತವದಲ್ಲಿ ಕಲಿತವನೂ ಅಂಥ ಜೊತೆಯಲ್ಲಿ ಒಂಟಿಯೇ. ಇಳಿಯುವ ಮುನ್ನ ಪರಸ್ಪರರ ಸಲಕರಣೆಯನ್ನು ಪರೀಕ್ಷಿಸುವುದು, ಗಾಳಿ ತೀರಿದವನಿಗೆ ತನ್ನ ಹೆಚ್ಚುವರಿ ಉಸಿರುಕೊಳವೆಯನ್ನು ಕೊಡುವುದು, ಕಣ್ಮರೆಯಾದರೆ ಒಂದು ನಿಮಿಷ ಹುಡುಕಿ ಬಳಿಕ ನಿಧಾನವಾಗಿ ಮೇಲೇರಿ ಅಲ್ಲಿ ಕೂಡುವುದು, ಇವೆಲ್ಲ ಜೊತೆಗಾರನ ಹೊಣೆಗಳು. ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಆ ಹೊಣೆ ಅರ್ಧವಾಗುವುದಿಲ್ಲ, ಇಲ್ಲವೇ ಆಗುತ್ತದೆ.

ಇನ್ನೊಂದು ಮಾತು. ಮೊದಲ ಹಂತದ ಪ್ರಮಾಣಪತ್ರವು ತನ್ನಷ್ಟೇ ಕಲಿತ ಜೊತೆಗಾರನೊಂದಿಗೆ 18 ಮೀಟರಿನವರೆಗೆ ಇಳಿಯಲು ಕೊಟ್ಟ ಅರ್ಹತೆ. ಇತರರಿಗೆ ಕಲಿಸಲು ಅಥವಾ ಇತರರನ್ನು ಕಾಯಲು ಕೊಟ್ಟ ಪರವಾನಗಿಯಲ್ಲ. ಕಲಿಯದವರಿಗಾಗಿ ಬೇರೆಯೇ ಮಾರ್ಗವಿದೆ. ಅರ್ಹ ಶಿಕ್ಷಕರು ಬಳಿಯಲ್ಲಿಯೇ ಇದ್ದು, 12 ಮೀಟರನ್ನು ಮೀರದಂತೆ ಅನುಭವ ಮಾಡಿಸುತ್ತಾರೆ. ಶಿಕ್ಷಕರಿಗೆ ಕೊಡುವ ಹಣ ಮೀನು ತೋರಿಸಿದ್ದಕ್ಕೆ ಕೊಡುವ ಕೂಲಿಯಲ್ಲ. ಗಾಬರಿಯಾದ ಗಳಿಗೆಯಲ್ಲಿ ಎದುರಿಗಿರುವ ಶಾಂತಚಿತ್ತಕ್ಕೆ ಕೊಡುವ ಬೆಲೆ.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಕಡಲಿಗೆ ಹೊರಟಾಗ ಬೇಡವೆಂದು ಗದರಬೇಡಿ. ಗದರಿದರೆ ಹೇಳದೆಯೇ ಹೋಗುತ್ತಾರೆ. ಬದಲಾಗಿ ಕೇಳಿರಿ: ಜೊತೆಗೆ ಇಳಿಯುವವರು ಕಲಿತವರೇ? ಅವರ ಪ್ರಮಾಣಪತ್ರವನ್ನು ಕಂಡಿರುವಿರಾ? ಕಲಿತು ವರ್ಷಗಳಾಗಿದ್ದರೆ ಮತ್ತೆ ಅಭ್ಯಾಸ ಮಾಡಿರುವರೇ? ಆಸ್ತಮಾ, ಹೃದ್ರೋಗಗಳಿದ್ದವರು ವೈದ್ಯರ ಒಪ್ಪಿಗೆ ಪಡೆದಿರುವರೇ? ಹಿಂದಿರುಗುವ ಅವಸರವೂ ಬೇಡ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕಾಗಿಯೇ ಮೇಲೇರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ರೂಢಿ. ಒಂದು ಬಾರಿ ಇಳಿದವರು ವಿಮಾನವೇರಲು ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದವರು 18 ಗಂಟೆ ಕಾಯಬೇಕೆಂಬ ಸಲಹೆ. ಕರಾವಳಿಯಿಂದ ಘಟ್ಟವೇರಿ ಊರಿಗೆ ಮರಳುವ ನಮ್ಮವರು ಈ ಬಗ್ಗೆ ಶಿಕ್ಷಕರನ್ನು ಮೊದಲೇ ಕೇಳಿ ತಿಳಿಯುವುದು ಲೇಸು.

ಆ ದಂಪತಿಗಳು ನೇತ್ರಾಣಿಗೆ ಹೋಗಿಬಂದರು. ಹುಡುಗಿ ಶಿಕ್ಷಕರೊಡನೆ ಇಳಿದಳು. ಹುಡುಗ ಬೇರೊಬ್ಬ ಕಲಿತ ಜೊತೆಗಾರನೊಡನೆ. ಈ ವರ್ಷ ಆಕೆ ಈಜುಕೊಳದ ಅಭ್ಯಾಸ ಮುಗಿಸಿ, ನಾಲ್ಕು ಬಾರಿ ಕಡಲಿಗಿಳಿದು, ತಾನೂ ಪ್ರಮಾಣಪತ್ರ ಪಡೆದುದಾಗಿ ಪತ್ರ ಬರೆದಿದ್ದಾಳೆ. "ಗುರುಗಳೇ, ಈಗ ಇವರ ಕೈಯನ್ನು ನಾನೂ ಹಿಡಿಯಬಲ್ಲೆ" ಎಂದು ಅದರಲ್ಲಿದೆ. ಓದಿ ನಮಗೆ ಸಂತೋಷವಾಯಿತು.