ಗಾಳಿಗೂ ಒಂದು ಪೈಪು ಬೇಕು

ದಢೇಸುಗೂರಿನ ಸುತ್ತಮುತ್ತ, ಸಿಂಧನೂರು–ಸಿರುಗುಪ್ಪ ರಸ್ತೆಯ ಊರುಗಳಿಂದ ನನಗೆ ಬರುವ ಕೆಲಸದಲ್ಲಿ ಬಹಳಷ್ಟು ಮೊಣಕಾಲು ನೋವಿನಿಂದ ಹುಟ್ಟಿದ್ದು. "ಅವ್ವಗ ಕೆಳಗ ಕುಂದ್ರಾಕ ಆಗಂಗಿಲ್ರಿ, ಕಮೋಡ್ ಕುಂದ್ರಿಸಿಕೊಡ್ರಿ" ಅಂತಾರೆ. ಬೆನ್ನಿಗೇ ಇನ್ನೊಂದು: "ಹಂಗ ಆ ಗ್ವಾಡಿ ಕಡಿಗೆ ಸರಿಸಿಬಿಡ್ರಿ."

ಕಮೋಡ್ ಸರಿಸಲು ಹೆಚ್ಚು ಹೊತ್ತು ಬೇಡ. ಕೆಳಗಿನ ಪೈಪಿನದೇ ತಕರಾರು. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಡುವುದು ವಾಡಿಕೆ. ಹತ್ತು ಅಡಿ ಓಟಕ್ಕೆ ಮೂರು ಇಂಚು ಇಳಿಯಬೇಕು. ಹಳೆಯ ನೆಲದಲ್ಲಿ ಅಷ್ಟು ಆಳ ಸಿಗದಿದ್ದರೆ ಬಚ್ಚಲಿನ ನೆಲವನ್ನೇ ಎತ್ತರಿಸಬೇಕು. ಮೊಣಕಾಲು ನೋವಿನ ಅವ್ವನಿಗೆ ಆಗ ಒಂದು ಮೆಟ್ಟಿಲು ಹೆಚ್ಚಾಯಿತು! ಹಾಗಿದ್ದಲ್ಲಿ ಇದ್ದ ಜಾಗದಲ್ಲೇ ಕೂರಿಸಿ ಎಂದು ನಾನು ಹಟ ಹಿಡಿಯುತ್ತೇನೆ.

ಕುಕ್ಕರುಗಾಲಿನಲ್ಲಿ ಕೂರುವ ಹಳೆಯ ಬೇಸಿನ್‌ನ ಕೆಳಗೆ ನೆಲದಲ್ಲಿ ಒಂದು ಟ್ರ್ಯಾಪ್ ಹೂತಿರುತ್ತದೆ. ಕಮೋಡಿನ ಹೊಟ್ಟೆಯಲ್ಲೇ ಟ್ರ್ಯಾಪ್ ಇರುವುದರಿಂದ ಹಳೆಯದನ್ನು ಕಿತ್ತು ತೆಗೆಯಬೇಕು. ಅಗೆಯುವ ಬೇಸರಕ್ಕೆ ಅದನ್ನು ಬಿಟ್ಟರೆ ಎರಡರ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಕಿದ ನೀರು ಗುಳುಗುಳು ಎನ್ನುತ್ತ ನಿಂತೇ ಬಿಡುತ್ತದೆ.

ಟ್ರ್ಯಾಪ್ ಎಂದರೆ ನೀರು ನಿಲ್ಲುವ ಬಾಗು, ಅಷ್ಟೇ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಕಕ್ಕಸಿನಲ್ಲೂ ಇದೇ ಬಾಗು ಇತ್ತು. ಸೆಪ್ಟಿಕ್ ಟ್ಯಾಂಕಿನ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಅಲ್ಲಿ ನಿಂತ ಎರಡು ಇಂಚು ನೀರು. ನಮ್ಮ ಬೇಸಿಗೆಗೆ ಬಳಸದ ಬಚ್ಚಲಿನಲ್ಲಿ ಆ ನೀರು ತಾನಾಗಿಯೇ ಆರಿಹೋಗುತ್ತದೆ. ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹಾಕಿದರೆ ಸಾಕು.

ಆದರೆ ದಿನಾ ಬಳಸುವ ಬಚ್ಚಲೂ ನಾರುವುದುಂಟು. ಹಿಂದೆ ಮೀಯುವ ನೀರು ಹೊರಗಿನ ಗಟಾರಕ್ಕೆ, ಪಾಯಖಾನೆಯದು ಟ್ಯಾಂಕಿಗೆ, ಬೇರೆಬೇರೆಯಾಗಿ ಹೋಗುತ್ತಿದ್ದವು. ಈಗ ಜಾಗ ಬದಲಿಸುವಾಗ ಗೌಂಡಿ ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸಿಬಿಡುತ್ತಾನೆ. ಕಮೋಡಿಗೆ ನೀರು ಬಿಟ್ಟಾಗ ಅದು ಪೈಪು ತುಂಬಿಕೊಂಡು ಓಡುತ್ತದೆ; ಹಿಂದೆ ಗಾಳಿ ಖಾಲಿಯಾಗುತ್ತದೆ. ಬೇರೆಲ್ಲೂ ದಾರಿ ಸಿಗದ ಗಾಳಿ ಬಚ್ಚಲಿನ ನೆಲದ ನಹಾಣಿ ಟ್ರ್ಯಾಪಿನಿಂದ ನುಗ್ಗುತ್ತದೆ, ಅಲ್ಲಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ಫಿನಾಯಿಲ್ ಸುರಿದು ಏನು ಮಾಡುವುದು?

"ಟ್ಯಾಂಕಿನ ಮ್ಯಾಲ ಗಾಳಿ ಪೈಪ್ ಐತಲ್ರಿ" ಎನ್ನುತ್ತಾರೆ. ಬೇಸಿನ್ ಒಂದೇ ಇದ್ದು, ಟ್ಯಾಂಕು ಪಕ್ಕದಲ್ಲೇ ಇದ್ದಾಗ ಅದರಲ್ಲೇ ಸುಧಾರಿಸುತ್ತಿತ್ತು. ಪೈಪು ಉದ್ದವಾಗಿ, ಮೂರು ನಾಲ್ಕು ಬಾಯಿ ಸೇರಿದ ಮೇಲೆ ಸಾಲದು. ಕಮೋಡ್ ಹೊಸ ಗೋಡೆಗೆ ಹೋದರೂ ಹಳೆಯ ಗಾಳಿ ಪೈಪು ಹಳೆಯ ಗೋಡೆಯಲ್ಲೇ ಉಳಿದಿರುತ್ತದೆ. ಹೊಸ ಪೈಪಿನ ಮೇಲ್ಭಾಗದಿಂದ, ಕಮೋಡಿನ ಹತ್ತಿರವೇ ಒಂದು ಟೀ ತೆಗೆದು, ಗೋಡೆಗುಂಟ ಮೇಲೇರಿಸಿ, ಮಾಳಿಗೆಯ ಮೇಲೆ ಕಿಟಕಿಗಳಿಂದ ದೂರಕ್ಕೆ ಒಯ್ದು ಜಾಳಿಗೆಯ ಟೋಪಿ ಹಾಕಬೇಕು. ಹಳೆಯದಕ್ಕೇ ಸೇರಿಸುವುದಾದರೆ ಕೈತೊಳೆಯುವ ಬೇಸಿನ್ನಿನ ಅಂಚಿಗಿಂತ ಮೇಲೆ ಸೇರಿಸಿ. ಕೆಳಗೆ ಸೇರಿಸಿದರೆ ಕಟ್ಟಿಕೊಂಡ ದಿನ ಕೊಳಚೆ ಗಾಳಿ ಪೈಪಿಗೇ ನುಗ್ಗುತ್ತದೆ.

ನಮ್ಮದು ಎರೆ ಭೂಮಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಭತ್ತದ ಗದ್ದೆ ತುಂಬಿದಾಗ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬರೀ ಎರೆ ಮಣ್ಣಿನ ಮೇಲೆ ಮಲಗಿಸಿದ ಪೈಪಿನ ಇಳಿಜಾರು ಒಂದೆರಡು ವರ್ಷಕ್ಕೇ ಕೆಡಬಹುದು. ಹೊರಗಿನ ಪೈಪಿನ ಕೆಳಗೆ ಎರೆ ತೆಗೆದು ಮರಂ ತುಂಬಿ ಬಡಿಯಿರಿ, ಮೇಲೆ ಮರಳು ಹಾಸಿ. ತಿರುವಿಗೊಂದು ಚೇಂಬರ್ ಇರಲಿ.

ನೆಲ ಮುಚ್ಚುವ ಮೊದಲು ನಹಾಣಿಯಲ್ಲಿ ನೀರು ತುಂಬಿಸಿ, ಕಮೋಡಿಗೆ ಒಂದು ಬಕೆಟ್ ನೀರು ಒಮ್ಮೆಲೇ ಸುರಿದು ನೋಡಿ. ನಹಾಣಿಯ ನೀರು ಗುಳುಕ್ ಎಂದು ಇಳಿದರೆ ಟೈಲ್ಸ್‌ನವನಿಗೆ ನಾಳೆ ಬಾ ಎನ್ನಿ.