ಚುಚ್ಚುಮದ್ದಿನ ಜ್ವರ ದೊಡ್ಡದೋ, ಕಾಯಿಲೆ ದೊಡ್ಡದೋ?



ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಒಂದು ದಿನದ ಕೂಲಿ ತಪ್ಪಿಸಿಕೊಳ್ಳುವುದು ಸಣ್ಣ ಮಾತಲ್ಲ. "ಸೂಜಿ ಹಾಕಿಸಿದ್ರೆ ಮಗೂಗೆ ಜ್ವರ ಬರ್ತದೆ, ರಾತ್ರಿಯೆಲ್ಲಾ ಅಳ್ತದೆ, ಬೆಳಿಗ್ಗೆ ನಾನು ಕೆಲ್ಸಕ್ಕೆ ಹೋಗೋದು ಹೆಂಗೆ?" ಎಂದು ಲೈನ್ ಮನೆಯ ತಾಯಿ ಕೇಳಿದರೆ ಅದು ಅಜ್ಞಾನದ ಮಾತಲ್ಲ, ಲೆಕ್ಕದ ಮಾತು. ನಾವೂ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ತಕ್ಕಡಿಯ ಒಂದು ತಟ್ಟೆಗೆ ಲಸಿಕೆಯ ತೊಂದರೆ, ಇನ್ನೊಂದಕ್ಕೆ ಕಾಯಿಲೆಯ ತೊಂದರೆ ಹಾಕಿ ತೂಗಿ ನೋಡೋಣ.

ಲಸಿಕೆಯ ತಟ್ಟೆಯಲ್ಲಿ ಏನಿದೆ?

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಹಾಕುವ ಪೆಂಟಾವೇಲೆಂಟ್ ಲಸಿಕೆ ಐದು ಕಾಯಿಲೆಗಳನ್ನು ತಡೆಯುತ್ತದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಕಾಮಾಲೆ ಮತ್ತು ಹಿಬ್ ರೋಗಾಣುವಿನಿಂದ ಬರುವ ನ್ಯುಮೋನಿಯಾ, ಮೆದುಳುಜ್ವರ. ಇದನ್ನು ಹಾಕಿಸಿದ ಬಹಳಷ್ಟು ಮಕ್ಕಳಿಗೆ ಜ್ವರ, ತೊಡೆ ನೋವು, ಊತ ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲವು ಮಕ್ಕಳು ಗಂಟೆಗಟ್ಟಲೆ ಅಳುತ್ತವೆ.

ದಡಾರ-ರುಬೆಲ್ಲಾ ಲಸಿಕೆಯ ಜ್ವರ ಬರುವುದು ತಡವಾಗಿ. ಹಾಕಿಸಿ 7ರಿಂದ 12 ದಿನಕ್ಕೆ ಸಣ್ಣ ಜ್ವರ, ಮೈಮೇಲೆ ಸ್ವಲ್ಪ ಗುಳ್ಳೆ ಕಾಣಬಹುದು. ಸುಮಾರು 3000 ಮಕ್ಕಳಲ್ಲಿ ಒಂದಕ್ಕೆ ಜ್ವರದ ಫಿಟ್ಸ್ ಬರಬಹುದು. ನೋಡಿದವರ ಎದೆ ಒಡೆದು ಹೋಗುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದು ಮಗುವಿಗೆ ಶಾಶ್ವತ ಹಾನಿ ಮಾಡುವುದಿಲ್ಲ. ಪ್ರಾಣಕ್ಕೆ ಕುತ್ತಾಗಬಲ್ಲ ತೀವ್ರ ಅಲರ್ಜಿ ಸುಮಾರು 10 ಲಕ್ಷ ಡೋಸಿಗೆ ಒಂದು. ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ, ತಕ್ಷಣ ಔಷಧ ಕೊಟ್ಟರೆ ಮಗು ಉಳಿಯುತ್ತದೆ. ಲಸಿಕೆ ಹಾಕಿಸಿ ಅರ್ಧ ಗಂಟೆ ಅಲ್ಲೇ ಕೂರಿ ಎಂದು ನರ್ಸಮ್ಮ ಹೇಳುವುದು ಇದಕ್ಕೇ.

ಕಾಯಿಲೆಯ ತಟ್ಟೆಯಲ್ಲಿ ಏನಿದೆ?

ದಡಾರವನ್ನು "ಅಮ್ಮ ಬಂದು ಹೋಗ್ತಾಳೆ ಬಿಡಿ" ಎಂದು ಹಗುರವಾಗಿ ತೆಗೆದುಕೊಳ್ಳುವವರು ಇಂದಿಗೂ ಇದ್ದಾರೆ. ದಡಾರ ಬಂದ 20 ಮಕ್ಕಳಲ್ಲಿ ಸುಮಾರು ಒಂದಕ್ಕೆ ನ್ಯುಮೋನಿಯಾ ಆಗುತ್ತದೆ. 1000ದಲ್ಲಿ ಸುಮಾರು ಒಂದಕ್ಕೆ ಮೆದುಳು ಊದುತ್ತದೆ. ಅನುಕೂಲಸ್ಥ ದೇಶಗಳಲ್ಲೇ 1000ಕ್ಕೆ ಒಂದರಿಂದ ಮೂರು ಮಕ್ಕಳು ಸಾಯುತ್ತವೆ. ಪೌಷ್ಟಿಕ ಆಹಾರ ಸಾಲದ ಕಡೆ ಸಾವು ಇನ್ನೂ ಹೆಚ್ಚು. ಗಂಟಲುಮಾರಿ ಬಂದರಂತೂ ಚಿಕಿತ್ಸೆ ಕೊಟ್ಟರೂ ನೂರಕ್ಕೆ ಐದರಿಂದ ಹತ್ತು ಮಂದಿ ಉಳಿಯುವುದಿಲ್ಲ.

ಈಗ ತೂಗಿ ನೋಡಿ. ಒಂದು ಕಡೆ ಎರಡು ದಿನದ ಜ್ವರ, ಒಂದು ದಿನದ ಕೂಲಿ. ಇನ್ನೊಂದು ಕಡೆ ವಾರಗಟ್ಟಲೆ ಆಸ್ಪತ್ರೆ, ಸಾಲ, ಕೆಲವೊಮ್ಮೆ ಮಗುವೇ ಇಲ್ಲ.

"ಪಕ್ಕದ ಮನೆಯವರೆಲ್ಲ ಹಾಕಿಸಿದ್ದಾರಲ್ಲ, ನಮ್ಮ ಮಗೂಗೆ ಯಾಕೆ?"

ದಡಾರ ಬಂದ ಮಗುವಿನ ಹತ್ತಿರ ಸುಳಿದ, ರಕ್ಷಣೆ ಇಲ್ಲದ 10 ಮಂದಿಯಲ್ಲಿ 9 ಮಂದಿಗೆ ಅದು ಹರಡುತ್ತದೆ. ಗೋಡೆಗೆ ಗೋಡೆ ಅಂಟಿದ ಲೈನ್ ಮನೆಗಳಲ್ಲಿ ಕೇಳಬೇಕೇ? ನೂರಕ್ಕೆ 95 ಮಂದಿಗೆ ರಕ್ಷಣೆ ಇದ್ದರೆ ಮಾತ್ರ ಅದು ನಿಲ್ಲುತ್ತದೆ. ಧನುರ್ವಾಯುವಂತೂ ಮನುಷ್ಯರಿಂದ ಹರಡುವುದೇ ಇಲ್ಲ; ಮಣ್ಣು, ಗೊಬ್ಬರದಿಂದ ಗಾಯಕ್ಕೆ ಸೇರುತ್ತದೆ. ಅಲ್ಲಿ ನೆರೆಯವರ ಲಸಿಕೆ ನಮ್ಮ ಮಗುವನ್ನು ಕಾಯುವುದಿಲ್ಲ.

ಸರ್ಕಾರವೂ ತೂಗುತ್ತಲೇ ಇರುತ್ತದೆ

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಮೊಬೈಲಿನಲ್ಲಿ ಏನೇನೋ ಸುಳ್ಳು ಸುದ್ದಿ ಹರಿದಾಡಿ ಪೋಷಕರು ಹೆದರಿದ್ದರು. "ಲಸಿಕೆ ಕೆಟ್ಟದ್ದಾದ್ರೂ ಯಾರೂ ಹೇಳಲ್ಲ" ಎಂಬ ಅನುಮಾನಕ್ಕೆ ಎರಡು ಉದಾಹರಣೆ ಸಾಕು.

ಒಂದು, ಪೋಲಿಯೋ ಹನಿ. ಲಕ್ಷಾಂತರ ಮಕ್ಕಳಲ್ಲಿ ಒಂದಕ್ಕೆ ಈ ಹನಿಯಿಂದಲೇ ಕಾಲು ಸೋಲುವ ಸಾಧ್ಯತೆ ಇದೆ. ಪೋಲಿಯೋ ಸೋಂಕು ತಗುಲಿದವರಲ್ಲಾದರೋ ಸುಮಾರು 200ಕ್ಕೆ ಒಬ್ಬರಿಗೆ ಲಕ್ವ. ಆದ್ದರಿಂದ ಹನಿಯೇ ಮೇಲು. ಆದರೆ ಎರಡನೇ ಬಗೆಯ ಪೋಲಿಯೋ ವೈರಸ್ ಲೋಕದಿಂದಲೇ ಮಾಯವಾದ ಮೇಲೆ ಆ ಭಾಗದ ಹನಿಯಿಂದ ಲಾಭ ಉಳಿಯಲಿಲ್ಲ, ಅಪಾಯ ಮಾತ್ರ ಉಳಿಯಿತು. 2016ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು.

ಇನ್ನೊಂದು ನಮ್ಮ ಮಲೆನಾಡಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಬಹಳ ವರ್ಷ ಲಸಿಕೆ ಕೊಡುತ್ತಿದ್ದರು. ಸೂಜಿ ತುಂಬಾ ನೋವು, ಮತ್ತೆ ಮತ್ತೆ ಹಾಕಿಸಬೇಕು. ಅದರ ಸಾಮರ್ಥ್ಯ ಸಾಲದೆಂದು ಕಂಡ ಮೇಲೆ 2022ರಲ್ಲಿ ನಿಲ್ಲಿಸಲಾಯಿತು. ಲಾಭ ಕಡಿಮೆ ಎನಿಸಿದ ಲಸಿಕೆ ಹೀಗೆ ಹಿಂದೆ ಸರಿಯುತ್ತದೆ. ದಡಾರದ ಲಸಿಕೆ ಉಳಿದಿರುವುದು ತೂಕದಲ್ಲಿ ಗೆದ್ದು.

ನಾವು ಮಾಡಬೇಕಾದ್ದು

• ನೆಗಡಿ, ಸಣ್ಣ ಜ್ವರಕ್ಕೆ ಲಸಿಕೆ ಮುಂದೂಡಬೇಡಿ. ಜೋರು ಜ್ವರವಿದ್ದರೆ, ಹಿಂದಿನ ಸಲ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.
• ಜ್ವರಕ್ಕೆ ಪ್ಯಾರಸಿಟಮಾಲ್ ಎಷ್ಟೆಂದು ನರ್ಸಮ್ಮನನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಸೂಜಿ ಚುಚ್ಚಿದ ಜಾಗಕ್ಕೆ ಸುಣ್ಣ, ಅರಿಶಿನ ಹಚ್ಚಬೇಡಿ.
• ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ, ಬಾಯಿಗೆ ಚಮಚ ಬೇಡ. ಕೂಡಲೇ ಆಸ್ಪತ್ರೆಗೆ ಹೊರಡಿ.
• ಮಗು ಮಂಕಾದರೆ, ಹಾಲು ಕುಡಿಯದಿದ್ದರೆ, ಜ್ವರ ಎರಡು ದಿನ ದಾಟಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರಿಗೆ ತೋರಿಸಿ.
• ಪ್ರತಿ ಮಗುವಿಗೂ ಹೊಸ ಸಿರಿಂಜು ಬಿಚ್ಚುವುದನ್ನು ನೋಡಿ. ಬೆರೆಸಿದ ದಡಾರ ಲಸಿಕೆಯನ್ನು 4 ಗಂಟೆಯೊಳಗೆ ಮುಗಿಸಬೇಕು. ಕೇಳುವುದು ತಪ್ಪಲ್ಲ.
• ಒಂದು ಡೋಸ್ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ತಾಯಿ ಕಾರ್ಡ್ ಹಿಡಿದು ಹೋಗಿ, ಉಳಿದದ್ದನ್ನು ಹಾಕಿಸಿ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳಿಗೂ ಇದು ಉಚಿತ.

ತೋಟದ ಮಾಲೀಕರಿಗೆ, ಮೇಸ್ತ್ರಿಗಳಿಗೆ ನಮ್ಮದೊಂದು ವಿನಂತಿ: ಲಸಿಕೆ ಹಾಕಿಸಿದ ಮಾರನೇ ದಿನ ತಾಯಿಗೆ ಸಂಬಳ ಸಮೇತ ರಜೆ ಕೊಡಿ. ಅವಳ ತಕ್ಕಡಿಯಲ್ಲಿರುವ ಆ ಒಂದು ದಿನದ ಕೂಲಿಯನ್ನು ನೀವು ತೆಗೆದರೆ, ಉಳಿದ ಲೆಕ್ಕ ಅವಳಿಗೇ ಗೊತ್ತಾಗುತ್ತದೆ.